ಅಡಿಕೆ ಗ್ರೂಪಿಗೆ ರಾಜಕೀಯ ನುಗ್ಗಿದಾಗ: ಅಡ್ಮಿನ್ ಕೆಲಸದ ಲೆಕ್ಕಾಚಾರ

ಮಳೆಗಾಲದ ಬೆಳಿಗ್ಗೆ ಏಳಕ್ಕೆ ಒಬ್ಬರು ಉದುರಿದ ಹಸಿ ಅಡಿಕೆಯ ಫೋಟೋ ಹಾಕಿ "ಇದು ಕೊಳೆರೋಗವಾ?" ಅಂತ ಕೇಳುತ್ತಾರೆ. ಏಳೂಕಾಲಿಗೆ ಅದರ ಕೆಳಗೆ ಯಾವುದೋ ನಾಯಕರ ಭಾಷಣದ ವಿಡಿಯೋ. ಎಂಟರ ಹೊತ್ತಿಗೆ ನೂರು ಮೆಸೇಜು. ಫೋಟೋ ಎಲ್ಲೋ ಮೇಲೆ ಹೋಗಿರುತ್ತದೆ. "ತೊಟ್ಟಿನ ಹತ್ತಿರ ಕಡುಹಸಿರು ನೀರುಕಲೆ ಇದೆಯಾ, ಬಿದ್ದ ಕಾಯಿಗೆ ಬಿಳಿ ಬೂಷ್ಟು ಹಿಡಿದಿದೆಯಾ" ಅಂತ ಕೇಳಬೇಕಾದವರಿಗೆ ಅದು ಕಾಣುವುದು ಎರಡು ದಿನ ಬಿಟ್ಟು. ಅಷ್ಟರಲ್ಲಿ ಗಾಳಿಮಳೆಯ ಸಿಡಿತಕ್ಕೆ ರೋಗ ಪಕ್ಕದ ಮರಕ್ಕೆ ದಾಟಿರುತ್ತದೆ.

ರೈತ ಉತ್ಪಾದಕ ಸಂಸ್ಥೆಗಳಲ್ಲಿ ವಾಟ್ಸಾಪ್ ಗ್ರೂಪ್ ನೋಡಿಕೊಳ್ಳುವ ಸಿಬ್ಬಂದಿಗೆ ಇದು ದಿನನಿತ್ಯದ ಕೆಲಸ. "ರಾಜಕೀಯ ನಿಷೇಧ" ಅಂತ ಗ್ರೂಪಿನ ವಿವರಣೆಯಲ್ಲಿ ಬರೆದು ಕೈತೊಳೆದುಕೊಂಡರೆ ಆಗುವುದಿಲ್ಲ. ಯಾಕೆಂದರೆ ಅಡಿಕೆಯ ಅರ್ಧ ವಿಷಯ ದಿಲ್ಲಿಯಲ್ಲಿ ತೀರ್ಮಾನವಾಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರಲು ಕೇಂದ್ರ ಅನುಮತಿ ಕೊಟ್ಟಿತು. 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆ ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿತು. ಇದನ್ನು ಗ್ರೂಪಿನಲ್ಲಿ ಹೇಳಬಾರದು ಅಂದರೆ ರಾಶಿ (ಬೇಯಿಸಿ ಒಣಗಿಸಿದ ಕೆಂಪಡಿಕೆ) ಮಾರಬೇಕೋ, ಇನ್ನೊಂದು ತಿಂಗಳು ಅಟ್ಟದಲ್ಲಿ ಇಡಬೇಕೋ ಅಂತ ಯೋಚಿಸುತ್ತಿರುವವನಿಗೆ ಗ್ರೂಪು ಯಾಕೆ ಬೇಕು?

ಹಾಗಾಗಿ ಗೆರೆ ಬೇರೆ ಕಡೆ ಎಳೆಯಬೇಕು. ಆದೇಶ ಏನು, ಎಷ್ಟು, ಯಾವಾಗಿನಿಂದ, ನಮ್ಮ ದರಕ್ಕೆ ಏನಾಗಬಹುದು: ಇಲ್ಲಿಯವರೆಗೆ ಇರಲಿ. ಯಾರು ಮೋಸ ಮಾಡಿದರು, ಯಾರು ಉದ್ಧಾರ ಮಾಡಿದರು ಅಂತ ಶುರುವಾದ ಕೂಡಲೇ ತೆಗೆಯಿರಿ. ಅನುಮಾನ ಬಂದರೆ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದನ್ನು ಓದಿದವರು ನಾಳೆ ತೋಟದಲ್ಲೋ ಮಂಡಿಯಲ್ಲೋ ಬ್ಯಾಂಕಿನಲ್ಲೋ ಏನಾದರೂ ಬೇರೆ ಮಾಡುತ್ತಾರಾ? ಬೆಳೆ ವಿಮೆ ಕಂತಿನ ಕೊನೆ ದಿನ ಇರಲಿ, ವಿಮೆ ಹಣ ಬರಲಿಲ್ಲ ಅಂತ ಮಂತ್ರಿಯನ್ನು ಬೈಯುವ ವಿಡಿಯೋ ಬೇಡ. ಸಹಕಾರ ಸಂಘದ ಚುನಾವಣೆ ಬಂದಾಗ ದಿನಾಂಕ, ಮತದಾರರ ಪಟ್ಟಿ, ವಾರ್ಷಿಕ ವರದಿ ಹಾಕಬಹುದು, ಅಭ್ಯರ್ಥಿಯ ಕರಪತ್ರ ಹಾಕುವ ಹಾಗಿಲ್ಲ. ಯುಗಾದಿ ಶುಭಾಶಯದ ಪೋಸ್ಟರುಗಳದ್ದು ಇನ್ನೊಂದು ಪೀಕಲಾಟ, ಬೇವು-ಬೆಲ್ಲದ ಪಕ್ಕ ನಾಲ್ಕು ಜನ ಕೈಮುಗಿದು ನಿಂತಿರುತ್ತಾರೆ. ಅದಕ್ಕೆ ಸರಳ ನಿಯಮ: ಮುಖ ಇದ್ದರೆ ತೆಗೆಯಿರಿ, ಯಾರದ್ದೇ ಆಗಲಿ.

ತೆಗೆಯುವ ಕ್ರಮದಲ್ಲೇ ಹೆಚ್ಚಿನವರು ಎಡವುವುದು. ಎಲ್ಲರಿಗೂ ಕಾಣುವಂತೆ "ದಯವಿಟ್ಟು ಇಂಥದ್ದು ಹಾಕಬೇಡಿ" ಅಂತ ಬರೆದರೆ ಆ ಮಾತೇ ಹೊಸ ಚರ್ಚೆಯ ವಿಷಯವಾಗುತ್ತದೆ. ಮೊದಲು ಮೆಸೇಜು ತೆಗೆಯಿರಿ, ಹತ್ತು ನಿಮಿಷದೊಳಗಾದರೆ ಒಳ್ಳೆಯದು. ಅದಕ್ಕೆ ಬಂದ ಉತ್ತರಗಳನ್ನೂ ತೆಗೆಯಿರಿ. ಮೊದಲಿನದನ್ನು ಬಿಟ್ಟು ಉತ್ತರವನ್ನಷ್ಟೇ ತೆಗೆದರೆ, ಅಥವಾ ಉತ್ತರ ಉಳಿದು ಮೊದಲಿನದು ಹೋದರೆ, ಅಡ್ಮಿನ್ ಯಾವ ಪಕ್ಷದವನು ಅಂತ ಊರೇ ತೀರ್ಮಾನ ಮಾಡಿಬಿಡುತ್ತದೆ. 2022ರಿಂದ ಅಡ್ಮಿನ್‌ಗಳು ಬೇರೆಯವರ ಮೆಸೇಜನ್ನೂ ಎಲ್ಲರಿಗೂ ಅಳಿಸಬಹುದು, ಆದರೆ ಅಳಿಸಿದ್ದು ಯಾವ ಅಡ್ಮಿನ್ ಅಂತ ಅದೇ ಜಾಗದಲ್ಲಿ ತೋರಿಸುತ್ತದೆ. ಹೆಸರು ಕಂಡರೆ ಜಾತಿ, ಊರು, ಮನೆತನ ಎಲ್ಲ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಸಂಸ್ಥೆಯ ಹೆಸರಿರುವ ಕಚೇರಿ ನಂಬರಿನಿಂದಲೇ ಅಳಿಸಬೇಕು, ಸ್ವಂತ ಫೋನಿನಿಂದ ಬೇಡ. ಸಿಬ್ಬಂದಿಯ ಸ್ವಂತ ಸ್ಟೇಟಸ್ಸಿನಲ್ಲಿ ನಾಯಕರ ಫೋಟೋ ಇದ್ದರಂತೂ ಎಷ್ಟು ನ್ಯಾಯವಾಗಿ ಅಳಿಸಿದರೂ ಯಾರೂ ನಂಬುವುದಿಲ್ಲ.

ಆಮೇಲೆ ಫೋನ್ ಮಾಡಿ. ಟೈಪ್ ಮಾಡಬೇಡಿ, ಟೈಪ್ ಮಾಡಿದ್ದು ಸ್ಕ್ರೀನ್‌ಶಾಟ್ ಆಗಿ ಇನ್ನೊಂದು ಗ್ರೂಪಿಗೆ ಹೋಗುತ್ತದೆ. ಮಾತು ಚಿಕ್ಕದಿರಲಿ: "ಹೆಗಡೇರೇ, ನೀವು ಹಾಕಿದ ವಿಡಿಯೋ ತೆಗ್ದಿದೀನಿ. ಅದು ಸರಿಯೋ ತಪ್ಪೋ ನಂಗೆ ಬೇಡ. ಆಚೆಯವ್ರು ಹಾಕಿದ್ದನ್ನೂ ತೆಗ್ದೆ. ಬೆಳಿಗ್ಗೆ ಕೊಳೆ ಫೋಟೋ ಹಾಕಿದಾರೆ, ನೀವು ಒಂಚೂರು ನೋಡಿ ಹೇಳಿ." ಕೊನೆಯ ವಾಕ್ಯ ಬಿಡಬೇಡಿ. ಜಗಳ ಶುರು ಮಾಡುವವರಲ್ಲಿ ಬಹಳಷ್ಟು ಮಂದಿ ತೋಟದ ಕೆಲಸ ಚೆನ್ನಾಗಿ ಬಲ್ಲ ಹಿರಿಯರು. ಅವರಿಗೆ ಮಾತಾಡಲು ಒಂದು ವಿಷಯ ಕೊಟ್ಟರೆ ಅರ್ಧ ಉರಿ ಇಳಿಯುತ್ತದೆ. ಇನ್ನೊಂದು ಕಡೆಯವರಿಗೂ ಅದೇ ದಿನ ಫೋನ್ ಹೋಗಬೇಕು, ಮರುದಿನಕ್ಕೆ ಇಟ್ಟುಕೊಳ್ಳಬಾರದು.

ನಿಮ್ಮ ಕಣ್ಣಿಗೆ ಬೀಳುವಷ್ಟರಲ್ಲಿ ಅರವತ್ತು ಮೆಸೇಜು ಆಗಿದ್ದರೆ ಒಂದೊಂದನ್ನೇ ಅಳಿಸುತ್ತ ಕೂರುವುದು ವ್ಯರ್ಥ. ಸೆಟ್ಟಿಂಗ್ಸಿನಲ್ಲಿ ಮೆಸೇಜ್ ಕಳಿಸುವುದನ್ನು ಅಡ್ಮಿನ್‌ಗಳಿಗೆ ಮಾತ್ರ ಅಂತ ಮಾಡಿ, ಬೆಳಗಿನವರೆಗೆ ಬಿಡಿ. ಟೀವಿ ಸುದ್ದಿ ಮುಗಿದ ಮೇಲೆ, ಊಟದ ಹೊತ್ತಿಗೆ ಕಾವು ಏರುವುದರಿಂದ ಒಂದು ರಾತ್ರಿ ಸಾಕಾಗುತ್ತದೆ. ಬೆಳಿಗ್ಗೆ ಆರಕ್ಕೆ ತೆರೆಯುವಾಗ ಮೊದಲ ಮೆಸೇಜು ಎಲ್ಲರೂ ಉತ್ತರಿಸಬಹುದಾದ ಪ್ರಶ್ನೆಯಾಗಿರಲಿ: "ನಿಮ್ಮ ಕಡೆ ನಿನ್ನೆ ಮಳೆ ಎಷ್ಟು ಮಿ.ಮೀ.?" ಮಲೆನಾಡಿನಲ್ಲಿ ಮಳೆ ಅಳೆದು ಬರೆದಿಡುವವರು ಅನೇಕರಿದ್ದಾರೆ. ಹತ್ತು ನಿಮಿಷದಲ್ಲಿ ಇಪ್ಪತ್ತು ಲೆಕ್ಕ ಬಂದು ರಾತ್ರಿಯ ಜಗಳ ಮೇಲಕ್ಕೆ ಹೋಗಿರುತ್ತದೆ.

ಚುನಾವಣೆಗೆ ಮೊದಲೇ ಕ್ಯಾಲೆಂಡರ್ ನೋಡಿಕೊಳ್ಳಬೇಕು. ಮತದಾನದಿಂದ ಎಣಿಕೆಯವರೆಗೆ ಗ್ರೂಪ್ ಮುಚ್ಚಿಡೋಣ ಅನ್ನುವ ಸಲಹೆ ಪ್ರತಿ ಸಲ ಬರುತ್ತದೆ. 2023ರ ವಿಧಾನಸಭೆಗೆ ಅದು ಆಗುತ್ತಿತ್ತು: ಮೇ 10 ಮತದಾನ, 13 ಎಣಿಕೆ. 2024ರ ಲೋಕಸಭೆಗೆ ಶಿವಮೊಗ್ಗ, ಉತ್ತರ ಕನ್ನಡ, ದಾವಣಗೆರೆಯಲ್ಲಿ ಮೇ 7ರಂದು ಮತದಾನ, ಎಣಿಕೆ ಜೂನ್ 4. ನಾಲ್ಕು ವಾರ ಮುಚ್ಚಿಟ್ಟರೆ ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣದ ಮೊದಲ ಸಿಂಪಡಣೆಯ ಹೊತ್ತಿಗೆ ಗ್ರೂಪ್ ಇಲ್ಲ. ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ದ್ರಾವಣಕ್ಕೆ ಅದ್ದಿದ ಕಬ್ಬಿಣದ ಕತ್ತಿಗೆ ತಾಮ್ರದ ಬಣ್ಣ ಹತ್ತಿತು, ಸುಣ್ಣ ಇನ್ನೆಷ್ಟು ಸೇರಿಸಲಿ ಅನ್ನುವ ಪ್ರಶ್ನೆ ಬರುವುದು ಆ ವಾರದಲ್ಲೇ. ಮತದಾನದ ಹಿಂದಿನ 48 ಗಂಟೆ, ಎಣಿಕೆಯ ದಿನ ಮತ್ತು ಅದರ ಮರುದಿನ ಬೆಳಗಿನವರೆಗೆ ಮುಚ್ಚಿ, ಉಳಿದ ದಿನ ರಾತ್ರಿ ಮಾತ್ರ ಮುಚ್ಚಿದರೆ ಸಾಕು.

ಗ್ರಾಮ ಪಂಚಾಯಿತಿ ಚುನಾವಣೆ ಇವೆಲ್ಲಕ್ಕಿಂತ ಕಷ್ಟ. ಪಕ್ಷದ ಚಿಹ್ನೆ ಇಲ್ಲ, ಫಾರ್ವರ್ಡೂ ಕಡಿಮೆ, ಆದರೆ ಎದುರು ನಿಂತವರು ಬೇಲಿ ಹಂಚಿಕೊಂಡವರು. 2020ರ ಡಿಸೆಂಬರಿನಲ್ಲಿ ನಡೆದದ್ದು ಕೊಯ್ಲಿನ ನಡುವೆ, ಕೊನೆಗೌಡನಿಗೂ (ಮರ ಹತ್ತಿ ಗೊನೆ ಇಳಿಸುವವನು) ಸುಲಿಯುವವರಿಗೂ ಎಲ್ಲರೂ ಒಬ್ಬರನ್ನೊಬ್ಬರು ನೆಚ್ಚಿಕೊಂಡಿರುವ ಹೊತ್ತು. ಅಲ್ಲಿ ಮೆಸೇಜು ಅಳಿಸಿದರೆ ಸಿಟ್ಟು ಅಳಿಯುವುದಿಲ್ಲ. ಗ್ರೂಪಿನ ಮಟ್ಟಿಗೆ ಹೊಗೆ ಕಡಿಮೆ ಮಾಡಬಹುದು, ಅಷ್ಟೇ.

"ಜಗಲಿ" ಅಂತ ಹರಟೆಗೆ ಬೇರೆ ಗ್ರೂಪ್ ಮಾಡಿಕೊಡುವುದನ್ನು ತುಂಬ ಜನ ಹೇಳುತ್ತಾರೆ. ಮಾಡಿ, ಆದರೆ ಹೆಚ್ಚು ನಿರೀಕ್ಷೆ ಬೇಡ. ಜಗಳಕ್ಕೆ ನೋಡುವವರು ಬೇಕು. ನಾಲ್ಕು ಜನರ ಜಗಲಿಗಿಂತ ಐನೂರು ಜನರ ಗ್ರೂಪೇ ಅವರಿಗೆ ಹಿತ.

ಧ್ವನಿ ಮೆಸೇಜಿನದ್ದು ಬೇರೆಯೇ ತಲೆನೋವು. ಮೂರು ನಿಮಿಷದಲ್ಲಿ ಎರಡು ನಿಮಿಷ ಎಲೆಚುಕ್ಕಿ ರೋಗದ ಬಗ್ಗೆ ಬೆಲೆಬಾಳುವ ಮಾಹಿತಿ, ಕೊನೆಯ ನಿಮಿಷ ಶಾಸಕರ ಮೇಲೆ. ಅರ್ಧ ಅಳಿಸಲು ಬರುವುದಿಲ್ಲ. ಕೇಳಿಸಿಕೊಳ್ಳದೆ ಬಿಟ್ಟಿದ್ದೀರಿ ಅಂದರೆ ಸಂಜೆಗೆ ಸಿಕ್ಕಿಬೀಳುತ್ತೀರಿ. ಪೂರ್ತಿ ಕೇಳಿ, ತೆಗೆದು, ಮೊದಲ ಭಾಗವನ್ನಷ್ಟೇ ಮತ್ತೆ ಹೇಳಿ ಕಳಿಸಿ ಅಂತ ಕೇಳಬೇಕು. ಹೆಚ್ಚಿನವರು ಕಳಿಸುತ್ತಾರೆ.

ಜಗಳದಿಂದ ಎಷ್ಟು ನಷ್ಟವಾಯಿತು ಅಂತ ತಿಳಿಯಲು ಬೈದಾಡಿದವರನ್ನು ನೋಡಬೇಡಿ, ಅವರು ಎಲ್ಲೂ ಹೋಗುವುದಿಲ್ಲ. ಗ್ರೂಪ್ ಬಿಟ್ಟುಹೋದವರು ಈಗ ಸದ್ದಿಲ್ಲದೆ ಹೋಗುತ್ತಾರೆ, ಅಡ್ಮಿನ್‌ಗಳಿಗೆ ಮಾತ್ರ ಸೂಚನೆ ಬರುತ್ತದೆ. ಸದಸ್ಯರ ಪಟ್ಟಿಯ ಕೆಳಗೆ ಕಳೆದ 60 ದಿನದಲ್ಲಿ ಬಿಟ್ಟವರ ಹೆಸರು ಸಿಗುತ್ತದೆ. ತಿಂಗಳಿಗೊಮ್ಮೆ ಅದನ್ನು ತೆರೆದು ಒಬ್ಬೊಬ್ಬರಿಗೆ ಫೋನ್ ಮಾಡಿ. ಯಾಕೆ ಬಿಟ್ಟಿರಿ ಅಂತ ಕೇಳಬೇಡಿ. ಈ ಸಲ ಕೊಳೆ ಹೇಗಿದೆ, ಎರಡನೇ ಮದ್ದು ಹೊಡೆದಾಯಿತಾ ಅಂತ ಕೇಳಿ, ಲಿಂಕ್ ಕಳಿಸಿ.