ಅಳಿಸಿಹೋದ ಒಂದು ಸಾಲು

ಲಿನಕ್ಸ್ ಕರ್ನಲ್‌ನ ಡ್ರೈವರೊಂದಕ್ಕೆ (ಸಾಧನವನ್ನು ನಡೆಸುವ ಕೋಡ್) ಬಂದಿದ್ದ, ನಾನು ಪರಿಶೀಲಿಸಬೇಕಿದ್ದ ಆ ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ನೋಡಲು ತೀರಾ ಸಾಧು. ‘ರಿಕ್ವೆಸ್ಟ್_ಐಆರ್‌ಕ್ಯೂ’ ಇದ್ದಲ್ಲಿ ‘ಡೆವ್‌ಎಂ_ರಿಕ್ವೆಸ್ಟ್_ಐಆರ್‌ಕ್ಯೂ’; ಸಾಧನವನ್ನು ಬಿಡುವಾಗ ಓಡುವ ರಿಮೂವ್ ಫಂಕ್ಷನ್ನಿನಿಂದ ‘ಫ್ರೀ_ಐಆರ್‌ಕ್ಯೂ’ ಮಾಯ. ಮೊದಲನೆಯದು ಇಂಟರಪ್ಟ್ (ಸಾಧನ ಪ್ರೊಸೆಸರಿನ ಗಮನ ಸೆಳೆಯುವ ಸಂಕೇತ) ಪಡೆಯುವ ಕರೆ, ಕೊನೆಯದು ಅದನ್ನು ಬಿಡುವ ಕರೆ; ‘ಡೆವ್‌ಎಂ’ ಬಗೆಯದಾದರೆ ಬಿಡುವ ಕೆಲಸ ಕರ್ನಲ್‌ನದೇ. ಪ್ಯಾಚಿನ ಶೈಲಿ ನೋಡುವ ಚೆಕ್‌ಪ್ಯಾಚ್‌ಗೆ ತಕರಾರಿಲ್ಲ. ಹೆಚ್ಚಿನ ತಪಾಸಣೆಗೆಂದು ಡಬ್ಲ್ಯೂ=1, ಸಿ=1 ಕೊಟ್ಟು ಬಿಲ್ಡ್ ಮಾಡಿದರೂ ಒಂದು ವಾರ್ನಿಂಗ್ ಇಲ್ಲ. ಕೈಕೊಡುವುದು ಇಂಥವೇ.

ಪ್ಯಾಚಿನಲ್ಲಿರುವ ಡಿಫ್ (ಹಳತು–ಹೊಸತರ ವ್ಯತ್ಯಾಸ) ತೋರಿಸುವುದು ಬದಲಾದ ಜಾಗದ ಆಚೀಚೆ ಮೂರು ಮೂರು ಸಾಲು ಮಾತ್ರ. ಹಾಗಾಗಿ ‘ಗಿಟ್ ಎಎಂ’ನಿಂದ ಪ್ಯಾಚ್ ಹಾಕಿಕೊಂಡು, ಸಾಧನವನ್ನು ಸಜ್ಜುಗೊಳಿಸುವ ಪ್ರೋಬ್ ಮತ್ತು ರಿಮೂವ್ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದೆ. ಪ್ರೋಬ್‌ನಲ್ಲಿ ಮೊದಲು ಕ್ಲಾಕ್ (ಸಾಧನಕ್ಕೆ ತಾಳ ಕೊಡುವ ಸಂಕೇತ), ಆಮೇಲೆ ವರ್ಕ್ (ನಂತರ ಓಡಲೆಂದು ಸರದಿಗೆ ಹಾಕುವ ಕೆಲಸ), ಅದಾದ ಮೇಲೆ ಇಂಟರಪ್ಟ್. ರಿಮೂವ್‌ನಲ್ಲಿ ಈಗ ಉಳಿದದ್ದು ‘ಕ್ಯಾನ್ಸಲ್_ವರ್ಕ್_ಸಿಂಕ್’ ಮತ್ತು ಕ್ಲಾಕ್ ಆಫ್. ಆದರೆ ಡೆವ್‌ಎಂ ಮೂಲಕ ಪಡೆದದ್ದೆಲ್ಲ ಬಿಡುಗಡೆಯಾಗುವುದು ರಿಮೂವ್ ಮುಗಿದ ಮೇಲೆ! ಕ್ಲಾಕ್ ನಿಂತ ನಂತರವೂ ಇಂಟರಪ್ಟ್ ಬಂದಾಗ ಓಡುವ ಹ್ಯಾಂಡ್ಲರ್ ಎಚ್ಚರವಾಗಿಯೇ ಇರುತ್ತದೆ. ಆ ಸಂದಿಯಲ್ಲಿ ಇಂಟರಪ್ಟ್ ಬಂದರೆ ಹ್ಯಾಂಡ್ಲರ್ ಸಾಧನದ ಸ್ಟೇಟಸ್ ರಿಜಿಸ್ಟರ್ ಓದಲು ಹೋಗುತ್ತದೆ. ಎಷ್ಟೋ ಎಆರ್‌ಎಂ ಚಿಪ್‌ಗಳಲ್ಲಿ ಪ್ರೊಸೆಸರ್–ಸಾಧನಗಳ ನಡುವಿನ ಬಸ್ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ಇಲ್ಲವೇ ಅಬಾರ್ಟ್ ಎಂಬ ದೋಷ. ಓದು ಹೇಗೋ ದಾಟಿದರೂ ರದ್ದಾಗಿದ್ದ ವರ್ಕ್ ಮತ್ತೆ ಸರದಿ ಸೇರುತ್ತದೆ. ಅದು ಓಡುವ ಹೊತ್ತಿಗೆ ಡ್ರೈವರಿನ ಮೆಮೊರಿಯೇ ವಾಪಸಾಗಿರಬಹುದು.

‘ನಮ್ಮ ಬೋರ್ಡಿನಲ್ಲಿ ಸರಿಯಾಗಿಯೇ ಇದೆ’ ಎಂದು ಪ್ಯಾಚ್ ಕಳಿಸಿದವರು ಕೊಡುವ ಉತ್ತರ ಸುಳ್ಳೇನಲ್ಲ. ಸಂದಿ ಕಿರಿದು, ಮೇಲಾಗಿ ಅದೇ ಕ್ಲಾಕನ್ನು ಇನ್ನೊಂದು ಡ್ರೈವರ್ ಹಿಡಿದಿದ್ದರೆ ಅದು ನಿಜಕ್ಕೂ ನಿಲ್ಲುವುದೇ ಇಲ್ಲ. ಇಲ್ಲಿ ಇಂಟರಪ್ಟ್ ಲೈನ್ ಬೇರೆ ಸಾಧನಗಳೊಡನೆ ಹಂಚಿಕೊಂಡದ್ದಾದ್ದರಿಂದ ‘ಕಾನ್ಫಿಗ್_ಡಿಬಗ್_ಎಸ್‌ಎಚ್‌ಐಆರ್‌ಕ್ಯೂ’ ಎಂಬ ಕರ್ನಲ್ ಆಯ್ಕೆ ನೆರವಿಗೆ ಬರುತ್ತದೆ. ಅದಿದ್ದರೆ ಲೈನ್ ಬಿಡುವಾಗ ಕರ್ನಲ್ ಬೇಕೆಂದೇ ಹ್ಯಾಂಡ್ಲರನ್ನು ಇನ್ನೊಮ್ಮೆ ಕರೆಯುತ್ತದೆ. ಸಿಸ್‌ಎಫ್‌ಎಸ್‌ನಲ್ಲಿ (ಸಾಧನಗಳನ್ನು ಕಡತಗಳಾಗಿ ತೋರಿಸುವ ವ್ಯವಸ್ಥೆ) ಡ್ರೈವರನ್ನು ಸಾಧನದಿಂದ ಬಿಡಿಸುವ ‘ಅನ್‌ಬೈಂಡ್’ ಕಡತಕ್ಕೆ ಸಾಧನದ ಹೆಸರು ಬರೆದರೆ ಸಾಕು, ತಪ್ಪು ಬಯಲಿಗೆ ಬೀಳುತ್ತದೆ. ಹಂಚಿಕೊಳ್ಳದ ಲೈನಾದರೆ ಮೆಮೊರಿ ತಪ್ಪು ಹಿಡಿಯುವ ಕೇಸ್ಯಾನ್ ಹಾಕಿ, ಇಂಟರಪ್ಟ್ ಸುರಿಯುತ್ತಿರುವಾಗಲೇ ಬೈಂಡ್–ಅನ್‌ಬೈಂಡ್ ಲೂಪ್ ಓಡಿಸಬೇಕು.

ಹೆಚ್ಚಿನವರು ಮರೆಯುವ ಜಾಗ ಇನ್ನೊಂದಿದೆ: ಪ್ರೋಬ್‌ನ ಎರರ್ ಹಾದಿ. ಇಂಟರಪ್ಟ್ ಪಡೆದ ನಂತರದ ಹೆಜ್ಜೆ ವಿಫಲವಾದರೆ ‘ಗೋಟು’ ಆದೇಶ ನೇರ ಕ್ಲಾಕ್ ಆಫ್ ಮಾಡುವ ಲೇಬಲ್ಲಿಗೆ ಹಾರುತ್ತದೆ. ಅಲ್ಲೂ ಅದೇ ಸಂದಿ.

ಅರ್ಧ ಡೆವ್‌ಎಂ, ಅರ್ಧ ಕೈಯಾರೆ ಎಂಬ ಬೆರಕೆಯೇ ಇಲ್ಲಿನ ತೊಂದರೆ. ಒಂದೋ ಹಳೆಯ ಕೋಡ್ ಹಾಗೇ ಇರಲಿ, ಇಲ್ಲವೇ ‘ಡೆವ್‌ಎಂ_ಸಿಎಲ್‌ಕೆ_ಗೆಟ್_ಎನೇಬಲ್ಡ್’, ‘ಡೆವ್‌ಎಂ_ವರ್ಕ್_ಆಟೋಕ್ಯಾನ್ಸಲ್’, ನಂತರ ಇಂಟರಪ್ಟ್, ಇದೇ ಕ್ರಮದಲ್ಲಿ ಬರಲಿ ಎಂದು ಬರೆದೆ. ಡೆವ್‌ಎಂ ಬಿಡುಗಡೆ ಪಡೆದ ಕ್ರಮಕ್ಕೆ ತಿರುಗುಮುರುಗಾಗಿ ನಡೆಯುವುದರಿಂದ ಇಂಟರಪ್ಟ್ ಮೊದಲು ಹೋಗುತ್ತದೆ, ಕ್ಲಾಕ್ ಕೊನೆಗೆ. ಎರಡನೇ ಆವೃತ್ತಿ ಬಂದಾಗ ರಿಮೂವ್ ಫಂಕ್ಷನ್ನೇ ಇರಲಿಲ್ಲ.