ಇಸ್ಫಹಾನಿನ ಬಿಸಿ ರೊಟ್ಟಿ

ಇರಾನಿನ ಇಸ್ಫಹಾನ್ ನಗರದಲ್ಲಿ ನಾನು ಮೊದಲು ಕಲಿತ ಮಾತು ‘ಗಾಬೆಲ್ ನದಾರೆ’. ‘ನಿಮ್ಮ ಮುಂದೆ ಇದೇನು ದೊಡ್ಡದು’ ಅನ್ನೋ ಅರ್ಥ. ಟ್ಯಾಕ್ಸಿ ಇಳಿದು ದುಡ್ಡು ಕೊಡಲು ಹೋದಾಗ ಚಾಲಕ ಎದೆ ಮೇಲೆ ಕೈಯಿಟ್ಟು ಹಾಗೆ ಹೇಳಿದರು. ಈ ಉಪಚಾರಕ್ಕೆ ಅಲ್ಲಿ ತಾರೋಫ್ ಅನ್ನುತ್ತಾರೆ. ಅವರು ಬೇಡ ಅಂದರೂ ನಾವು ಕೊಡಬೇಕು. ಮೂರನೇ ಸಲ ಒತ್ತಾಯ ಮಾಡಿದ ಮೇಲೆ ತೆಗೆದುಕೊಂಡರು. ನಮ್ಮ ಮನೆಗೆ ಬಂದವರೂ ‘ಈಗಷ್ಟೇ ತಿಂದು ಬಂದೆ’ ಅಂತಾರೆ, ನಾವು ಬಿಡದೆ ತಟ್ಟೆ ಇಡುತ್ತೇವೆ, ಅಲ್ವಾ? ಆದರೆ ಬಾಡಿಗೆ ದುಡ್ಡಿಗೂ ಉಪಚಾರ ಮಾಡೋದನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ.

ಸಂಜೆ ನಖ್ಶ್-ಎ-ಜಹಾನ್‌ಗೆ ಹೋದೆ. ಇರಾನಿನ ದೊರೆ ಷಾ ಅಬ್ಬಾಸನ ಕಾಲದ ದೊಡ್ಡ ಚೌಕ ಅದು. ಅಲ್ಲಿಯವರೂ ಅದನ್ನು ಮೈದಾನ್ ಅಂತಲೇ ಕರೆಯುತ್ತಾರೆ. ಮಸೀದಿಯ ನೀಲಿ ಹೆಂಚು ನೋಡುತ್ತಾ ಬೀದರ್ ನೆನಪಾಯಿತು. 1472ರಲ್ಲಿ ಅಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಇರಾನಿನ ಗೀಲಾನ್‌ನಿಂದ ಬಂದವನು. ಆ ಗೋಡೆಗಳಲ್ಲಿ ಇನ್ನೂ ಅಲ್ಲಲ್ಲಿ ಉಳಿದಿರುವುದು ಇಂಥದೇ ಬಣ್ಣದ ಹೆಂಚು.

ಆದರೆ ನನಗೆ ಜಾಸ್ತಿ ಹಿಡಿಸಿದ್ದು ಬೆಳಗಿನ ರೊಟ್ಟಿ ಅಂಗಡಿ. ಆ ರೊಟ್ಟಿಯ ಹೆಸರು ಸಂಗಕ್, ಅಂದರೆ ಸಣ್ಣ ಕಲ್ಲು. ಒಲೆಯೊಳಗೆ ಕಾದ ಬೆಣಚುಕಲ್ಲುಗಳ ಮೇಲೆ ಹಿಟ್ಟನ್ನು ಉದ್ದಕ್ಕೆ ಹರವಿ ಬೇಯಿಸುತ್ತಾರೆ. ಹೆಸರು ಬಂದದ್ದೇ ಅದರಿಂದ. ರೊಟ್ಟಿ ಮೊಳಕ್ಕಿಂತ ಉದ್ದ, ಮೈತುಂಬ ಗುಳಿ. ಒಂದೇ ಸಾಕು ಅನ್ನುವವರಿಗೆ ಬೇರೆ ಸಾಲು. ಬಂದವರೆಲ್ಲ ಒಲೆ ಮುಂದೆ ನಿಂತವರಿಗೆ ‘ಖಸ್ತೆ ನಬಾಶೀದ್’ ಅನ್ನುತ್ತಿದ್ದರು. ನಿಮಗೆ ದಣಿವಾಗದಿರಲಿ ಅಂತ. ದುಡಿಯುವವರನ್ನು ಮಾತಾಡಿಸಲು ಇದಕ್ಕಿಂತ ಒಳ್ಳೆಯ ಮಾತು ನಾನು ಕೇಳಿಲ್ಲ. ನಾನೂ ಹೇಳಿದೆ. ಒಲೆಯವರು ತಿರುಗಿ ನಕ್ಕರು.

ನನ್ನ ಮುಂದಿದ್ದ ಅಜ್ಜಿ ತಮ್ಮ ರೊಟ್ಟಿಯನ್ನು ಜಾಲರಿ ಮೇಜಿನ ಮೇಲೆ ಹಾಕಿ ಕಲ್ಲು ಉದುರಿಸಿದರು. ಒಂದು ತುಂಡು ಹರಿದು ‘ಬೆಫರ್ಮಾಯಿದ್’ ಅಂತ ನನ್ನತ್ತ ಚಾಚಿದರು. ತಾರೋಫ್ ಇರಬೇಕು ಅಂದುಕೊಂಡು ಬೇಡ ಅಂದೆ. ಮತ್ತೆ ಚಾಚಿದರು, ಮತ್ತೆ ಬೇಡ ಅಂದೆ. ಮೂರನೇ ಸಲ ಕೇಳಲೇ ಇಲ್ಲ, ನನ್ನ ಕೈ ಹಿಡಿದು ಅಂಗೈಯಲ್ಲಿ ಇಟ್ಟೇಬಿಟ್ಟರು. ಸುಡುತ್ತಿತ್ತು. ‘ದಸ್ತೆತೂನ್ ದರ್ದ್ ನಕುನೆ’ ಅಂದೆ. ನಿಮ್ಮ ಕೈ ನೋಯದಿರಲಿ ಅಂತ. ಅಡುಗೆ ಮಾಡಿ ಬಡಿಸಿದವರಿಗೂ ಅಲ್ಲಿ ಹೀಗೇ ಹೇಳುತ್ತಾರೆ.

ತುಂಡಿನ ಅಂಚಿಗೆ ಒಂದು ಕಲ್ಲು ಇನ್ನೂ ಅಂಟಿಕೊಂಡಿತ್ತು. ಅಜ್ಜಿಯೇ ಉಗುರಿನಿಂದ ಕಿತ್ತು ತೆಗೆದು, ಈಗ ತಿನ್ನು ಅಂತ ಕೈಸನ್ನೆ ಮಾಡಿದರು.