ಮ್ಯಾಮೋಸ್ಫಿಯರ್ ಎಣಿಸುವ ದಿನ

ಏಳನೆಯ ದಿನ ಇನ್‌ಕ್ಯುಬೇಟರ್ ಬಾಗಿಲು ತೆಗೆಯುವಾಗ ಅವಸರ ಕೂಡದು. ಪ್ಲೇಟ್ ಅಲುಗಿದರೆ, ತಳಕ್ಕೆ ಅಂಟದೆ ತೇಲುತ್ತಿರುವ ಗೋಳಗಳು (ಸ್ತನದ ಕೋಶಗಳಿಂದ ಬೆಳೆದ ಇವೇ ಮ್ಯಾಮೋಸ್ಫಿಯರ್) ಪ್ಲೇಟಿನ ಗುಂಡಿಯ, ಅಂದರೆ ವೆಲ್‌ನ ನಡುವಿಗೆ ಜಾರಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಮೇಲೆ ಎಣಿಸಿಯೂ ಪ್ರಯೋಜನವಿಲ್ಲ.

ಎಣಿಸುವುದೇಕೆ? ಸ್ತನ ಕ್ಯಾನ್ಸರಿನ ಗಡ್ಡೆಯಲ್ಲಿರುವ ಎಲ್ಲ ಕೋಶಗಳಿಗೂ ಹೊಸ ಗಡ್ಡೆ ಕಟ್ಟುವ ತಾಕತ್ತಿಲ್ಲ. 2003ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಮೈಕೆಲ್ ಕ್ಲಾರ್ಕ್ ಮತ್ತು ಮ್ಯಾಕ್ಸ್ ವಿಚಾ ಅವರ ತಂಡ ಇದನ್ನು ತೋರಿಸಿತು. ಮೇಲ್ಮೈಯಲ್ಲಿ ಸಿಡಿ44 ಎಂಬ ಪ್ರೋಟೀನ್ ಇದ್ದು, ಸಿಡಿ24 ಎಂಬುದು ಇಲ್ಲದ ಅಥವಾ ತೀರಾ ಕಡಿಮೆ ಇರುವ ಕೋಶಗಳು ನೂರರಷ್ಟಿದ್ದರೂ ಇಲಿಯಲ್ಲಿ ಗಡ್ಡೆ ಬೆಳೆಯಿತು. ಉಳಿದವನ್ನು ಹತ್ತಾರು ಸಾವಿರ ಹಾಕಿದರೂ ಬೆಳೆಯಲಿಲ್ಲ. ಇಲಿಯಲ್ಲಿ ನೋಡಲು ತಿಂಗಳುಗಟ್ಟಲೆ ಕಾಯಬೇಕು, ಗೋಳದ ಪರೀಕ್ಷೆ ವಾರದಲ್ಲಿ ಮುಗಿಯುತ್ತದೆ. ಅಂಟಲು ನೆಲೆ ಸಿಗದಿದ್ದರೆ ಸಾಮಾನ್ಯ ಕೋಶ ಸಾಯುತ್ತದೆ, ಕಾಂಡಕೋಶದ (ತನ್ನಂಥದನ್ನೇ ಮತ್ತೆ ಹುಟ್ಟಿಸಬಲ್ಲ ಮೂಲಕೋಶದ) ಗುಣವುಳ್ಳದ್ದು ತೇಲುತ್ತಲೇ ಒಡೆದು, ಅಂದರೆ ಒಂದು ಎರಡಾಗಿ ವಿಭಜನೆಗೊಂಡು, ಗೋಳವಾಗುತ್ತದೆ.

ಎಣಿಕೆ ಕೆಡುವುದು ಬಹುಪಾಲು ಮೊದಲ ದಿನವೇ. ಅಂಟು ಬಿಡಿಸುವ ಟ್ರಿಪ್ಸಿನ್ ಕಿಣ್ವ ಹಾಕಿ ಬಿಡಿಸಿದ ಕೋಶಗಳನ್ನು 25 ಗೇಜ್ ಸೂಜಿಯಲ್ಲಿ ಮೂರು ಸಲ ಎಳೆದು ಬಿಟ್ಟು, 40 ಮೈಕ್ರಾನ್ ಜರಡಿಯಲ್ಲಿ ಸೋಸಿ, ಬಿಡಿಯಾಗಿವೆಯೇ ಎಂದು ಮೈಕ್ರೋಸ್ಕೋಪಿನಲ್ಲಿ ನೋಡಲೇಬೇಕು. ಜೋಡಿಗಳು ಉಳಿದರೆ ಅವೇ ಮುಂದೆ ಸುಳ್ಳು ಗೋಳಗಳು. ಕೋಶ ಬೆಳೆಸುವ ದ್ರವಕ್ಕೆ (ಮೀಡಿಯಂ) ಬಿ27 ಎಂಬ ಪೋಷಕ ಮಿಶ್ರಣದ ಜತೆಗೆ ಬೆಳವಣಿಗೆಗೆ ಪ್ರಚೋದಿಸುವ ಪ್ರೋಟೀನ್‌ಗಳಾದ ಇಜಿಎಫ್, ಬಿಎಫ್‌ಜಿಎಫ್ ತಲಾ ಮಿಲಿಲೀಟರಿಗೆ 20 ನ್ಯಾನೊಗ್ರಾಂ. ಸೀರಮ್ (ರಕ್ತದ ತಿಳಿದ್ರವ) ಮಾತ್ರ ಬೇಡವೇ ಬೇಡ: ಅದು ಸೇರಿದರೆ ಕೋಶಗಳು ತಳಕ್ಕಂಟಿ ಕಾಂಡಗುಣ ಕಳೆದುಕೊಳ್ಳುತ್ತವೆ. ಚದರ ಸೆಂಟಿಮೀಟರಿಗೆ 500 ಕೋಶ, ಅಂದರೆ ಆರು ವೆಲ್‌ನ ಪ್ಲೇಟಿನಲ್ಲಿ ವೆಲ್‌ಗೆ ಸುಮಾರು 5,000. ಇದಕ್ಕಿಂತ ದಟ್ಟವಾದರೆ ಕೋಶಗಳು ಒಟ್ಟುಗೂಡುತ್ತವೆ. ಹೆಚ್ಚು ಗೋಳ ಕಾಣಲಿ ಎಂಬ ಆಸೆಯಿಂದ ದಟ್ಟವಾಗಿ ಹಾಕುವವರೇ ಹೆಚ್ಚು!

ಎಣಿಸುವಾಗ 50 ಮೈಕ್ರಾನಿಗಿಂತ ದೊಡ್ಡವು ಮಾತ್ರ ಲೆಕ್ಕಕ್ಕೆ. ಐಪೀಸಿನ ಅಳತೆಪಟ್ಟಿ ಇಲ್ಲದೆ ಕಣ್ಣಂದಾಜಿನಲ್ಲಿ ಎಣಿಸಿದರೆ ಇಬ್ಬರ ಸಂಖ್ಯೆ ಎಂದೂ ಕೂಡಿಬರುವುದಿಲ್ಲ. ನಿಜವಾದ ಗೋಳದ ಅಂಚು ನುಣುಪು, ಒಳಗಿನ ಕೋಶಗಳ ಗೆರೆ ಕಾಣದು. ದ್ರಾಕ್ಷಿ ಗೊಂಚಲಿನಂತೆ ಕಂಡರೆ ಅದು ಬರೀ ಗುಂಪು, ಬಿಟ್ಟುಬಿಡಿ. 5,000 ಕೋಶಕ್ಕೆ 50 ಗೋಳ ಬಂದರೆ ಶೇ. 1. ಆ ಶೇ. 1ನ್ನೇ ಕಾಂಡಕೋಶಗಳ ಪ್ರಮಾಣವೆಂದು ಬರೆದುಬಿಡುವುದು ತಪ್ಪು, ಏಕೆಂದರೆ ತಾತ್ಕಾಲಿಕವಾಗಿ ಒಡೆಯಬಲ್ಲ ಕೋಶವೂ ಮೊದಲ ಸಲ ಗೋಳ ಕಟ್ಟುತ್ತದೆ. ಗೋಳಗಳನ್ನು ಬಿಡಿಸಿ ಮತ್ತೆ ಬಿತ್ತಿದಾಗ ಎದ್ದು ಬರುವುವೇ ತಮ್ಮನ್ನು ತಾವು ನವೀಕರಿಸಿಕೊಳ್ಳಬಲ್ಲವು.

ಕಾಂಡಕೋಶಗಳ ಇನ್ನೊಂದು ಗುರುತಾದ ಎಎಲ್‌ಡಿಎಚ್ ಕಿಣ್ವದ ಪರೀಕ್ಷೆಯೂ ಜತೆಗೇ ಇದ್ದರೆ ಮಧ್ಯಾಹ್ನಕ್ಕೆ ಐಸ್ ಸಿದ್ಧವಿರಬೇಕು. ಮಿಲಿಲೀಟರಿಗೆ 10 ಲಕ್ಷ ಕೋಶ, ಈ ಕಿಣ್ವವಿರುವ ಕೋಶಗಳಲ್ಲಿ ಹೊಳೆಯುವ ಬಣ್ಣದ ದ್ರಾವಣ 5 ಮೈಕ್ರೋಲೀಟರ್. ಬೆರೆಸಿದ ಕೂಡಲೇ ಅರ್ಧವನ್ನು, ಕಿಣ್ವವನ್ನು ತಡೆಯುವ ಡಿಇಎಬಿ ಇರುವ ಟ್ಯೂಬಿಗೆ ಸುರಿಯಬೇಕು. ತಡವಾದರೆ ಹೋಲಿಕೆಗೆಂದಿಟ್ಟ ಈ ಟ್ಯೂಬೇ (ಕಂಟ್ರೋಲ್) ಹೊಳೆಯುತ್ತದೆ. 37 ಡಿಗ್ರಿಯಲ್ಲಿಟ್ಟು ತೆಗೆದ ಮೇಲೆ ಐಸ್ ಮೇಲಿಡದೆ ಬೆಚ್ಚಗೆ ಬಿಟ್ಟರೆ ಕೋಶದ ಪಂಪುಗಳು ಬಣ್ಣವನ್ನು ಹೊರದೂಡುತ್ತವೆ.

ಸಿಡಿ44-ಸಿಡಿ24 ಮತ್ತು ಎಎಲ್‌ಡಿಎಚ್, ಈ ಎರಡೂ ಗುರುತುಗಳು ಒಂದೇ ಕೋಶಗಳನ್ನು ಹಿಡಿಯುವುದಿಲ್ಲ. ಸಿಡಿ44 ಇದ್ದು ಸಿಡಿ24 ಇಲ್ಲದವು ಹೆಚ್ಚಾಗಿ ಗಡ್ಡೆಯ ಅಂಚಿನಲ್ಲಿ, ಒಡೆಯದೆ ಸುಮ್ಮನಿದ್ದು, ಸುತ್ತಲಿನ ಅಂಗಾಂಶಕ್ಕೆ ನುಗ್ಗುತ್ತವೆ. ಎಎಲ್‌ಡಿಎಚ್ ಇರುವವು ಒಳಭಾಗದಲ್ಲಿ, ಬೇಗ ಒಡೆಯುತ್ತವೆ. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೊರಳಲೂ ಬಲ್ಲವು. ಹರಡಲು ಮೊದಲನೆಯದು, ಮೂಳೆಯಲ್ಲೋ ಶ್ವಾಸಕೋಶದಲ್ಲೋ ಇಳಿದ ಮೇಲೆ ಬೆಳೆಯಲು ಎರಡನೆಯದು ಬೇಕು. ಒಡೆಯುವ ಕೋಶಗಳನ್ನೇ ಹುಡುಕಿ ಕೊಲ್ಲುವ ಕೀಮೋಥೆರಪಿಯಿಂದ ಸುಮ್ಮನಿರುವವು ತಪ್ಪಿಸಿಕೊಳ್ಳುವುದೂ ಇದರಿಂದಲೇ.

ಪ್ರಯೋಗಾಲಯದಲ್ಲಿ ಬೆಳೆಸುತ್ತ ಬಂದಿರುವ ಎಂಡಿಎ-ಎಂಬಿ-231 ಎಂಬ ಸ್ತನ ಕ್ಯಾನ್ಸರ್ ಕೋಶಸಾಲಿನಲ್ಲಿ ಸಿಡಿ44, ಸಿಡಿ24 ಗುರುತನ್ನು ನೆಚ್ಚಬೇಡಿ. ಅಲ್ಲಿ ಹೆಚ್ಚುಕಡಿಮೆ ಎಲ್ಲ ಕೋಶಗಳೂ ಅದೇ ಬಗೆಯವು. ಅವೆಲ್ಲ ಕಾಂಡಕೋಶಗಳಾಗಲು ಸಾಧ್ಯವಿಲ್ಲ. ಅಂಥ ಕಡೆ ಕೋಶಗಳ ಸಂಖ್ಯೆಯನ್ನು ಹಂತಹಂತವಾಗಿ ಇಳಿಸುತ್ತ ಇಲಿಗಳಿಗೆ ಹಾಕಿ ನೋಡುವುದೇ ನೆಚ್ಚಬಹುದಾದ ದಾರಿ.